ವಾಚನಾಲಯಕ್ಕೆ ಸಿಸ್ಟಮ್ಸ್ ಲೈಬ್ರರಿಯನ್ ಸಿಕ್ಕರು: ಜೂನ್‌ನಿಂದ ಅಕ್ಟೋಬರ್‌ವರೆಗಿನ ಕೆಲಸ

ಜೂನ್, ಎರಡನೇ ವಾರ

ಕೊನೆಗೂ ಸಮಿತಿ ಒಪ್ಪಿತು. ಧಾರವಾಡದ ಸಪ್ತಾಪುರದ ಹತ್ತಿರ ಇರುವ ನಮ್ಮ ವಾಚನಾಲಯಕ್ಕೆ ಸಂಬಳ ಕೊಟ್ಟು ಒಬ್ಬ ಹಿರಿಯ ಸಿಸ್ಟಮ್ಸ್ ಲೈಬ್ರರಿಯನ್, ಅಂದರೆ ಗ್ರಂಥಾಲಯದ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ಲೈಬ್ರರಿಯನ್, ತೆಗೆದುಕೊಳ್ಳುವುದು ಅಂತ ತೀರ್ಮಾನವಾಯಿತು. ಮೂರು ವರ್ಷದಿಂದ ಇಲ್ಲಿನ ಕಂಪ್ಯೂಟರ್ ಕೆಲಸವನ್ನು ನಾನು ಬಿಡುವಿನಲ್ಲಿ ಮಾಡುತ್ತಾ ಬಂದಿದ್ದೇನೆ. ಬ್ಯಾಂಕಿನ ಡ್ಯೂಟಿ ಮುಗಿಸಿ ಸಂಜೆ ಆರೂವರೆಗೆ ಬಂದು ಕೂತರೆ ಏಳುವುದು ಒಂಬತ್ತಕ್ಕೆ. ಹವ್ಯಾಸ ಅಂತ ಶುರು ಮಾಡಿದ್ದು. ಈಗ 11,000ಕ್ಕೂ ಜಾಸ್ತಿ ಪುಸ್ತಕ ಇವೆ, ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಸಾಲು ನಿಂತಿರುತ್ತದೆ. ಇಷ್ಟು ಜನರ ಕೆಲಸವನ್ನು ಒಬ್ಬನ ಬಿಡುವಿನ ಮೇಲೆ ನಿಲ್ಲಿಸುವುದು ಸರಿಯಲ್ಲ ಅನ್ನಿಸಿತು.

ನಮ್ಮದು ಸರ್ಕಾರಿ ಗ್ರಂಥಾಲಯ ಅಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆ ಜೊತೆ ವಸೂಲಾಗುವ ಗ್ರಂಥಾಲಯ ಕರ ನಮ್ಮ ಕಡೆ ಬರುವುದಿಲ್ಲ. ಊರವರ ದೇಣಿಗೆ, ಸದಸ್ಯರ ವಂತಿಗೆ, ಅಷ್ಟೇ. ಆದರೆ ಯಾರು ಬೇಕಾದರೂ ಬಂದು ಕೂತು ಓದಬಹುದು. ಕೋಚಿಂಗ್‌ಗೆ ಅಂತ ಹಾವೇರಿ, ಗದಗ, ಕೊಪ್ಪಳದಿಂದ ಬಂದು ರೂಮು ಮಾಡಿಕೊಂಡಿರುವ ಹುಡುಗ ಹುಡುಗಿಯರೇ ಜಾಸ್ತಿ.

ಹಣದ ಲೆಕ್ಕ ನೋಡುವ ಕಾಕಾ ಕೇಳಿದ್ದು ನ್ಯಾಯವಾಗಿಯೇ ಇತ್ತು. "ಕಂಪ್ಯೂಟರ್ ಗೊತ್ತಿರೋ ಒಬ್ಬ ಹುಡುಗನ್ನ ಇಟ್ಕೊಂಡ್ರ ಆತಲ್ಲಪಾ? ಅದಕ್ಕ ಲೈಬ್ರರಿಯನ್ ಯಾಕ ಬೇಕು?"

ಮೇ ತಿಂಗಳಲ್ಲಿ ನಡೆದದ್ದನ್ನು ಹೇಳಿದೆ. ರಿಟೈರ್ಡ್ ಮಾಸ್ತರರೊಬ್ಬರು ಜೋಳದ ಬೇಸಾಯದ ಮೇಲೆ ಪುಸ್ತಕ ಕೇಳಿಕೊಂಡು ಬಂದರು. "ಜೋಳ" ಅಂತ ಹುಡುಕಿದೆ. ಒಂದೂ ಇಲ್ಲ ಎಂದಿತು ಕಂಪ್ಯೂಟರ್. ಮಾಸ್ತರರು ಸುಮ್ನೆ ಕಪಾಟಿನ ಕಡೆ ನಡೆದರು. ಹತ್ತು ನಿಮಿಷಕ್ಕೆ ಎರಡು ಪುಸ್ತಕ ಹಿಡಿದು ಬಂದರು. ಎರಡರ ಮೇಲೂ ನಾನೇ ಅಂಟಿಸಿದ ಬಾರ್‌ಕೋಡ್ ಇತ್ತು. "ತಮ್ಮಾ, ಇವು ನಿಮ್ಮಲ್ಲೇ ಅದಾವ" ಅಂದರು. ಅಷ್ಟೇ ಅಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾಸ್ತರರಿಗೆ ಕಪಾಟು ಗೊತ್ತಿತ್ತು. ಗೊತ್ತಿಲ್ಲದ ಎಷ್ಟು ಜನ "ಇಲ್ಲ" ಅನ್ನುವ ಮಾತು ನಂಬಿ ಹಾಗೇ ಹೋಗಿರಬಹುದು?

ಜುಲೈ

ಜಾಹೀರಾತು ಬರೆಯುವುದಕ್ಕೇ ಎರಡು ವಾರ ಹೋಯಿತು. ಮೊದಲ ಕರಡಿನಲ್ಲಿ ಡಿಗ್ರಿಗಳ ಹೆಸರೇ ತುಂಬಿತ್ತು. ಅದನ್ನು ತೆಗೆದು, ಈ ಮನುಷ್ಯ ದಿನಾ ಏನು ಮಾಡಬೇಕು ಅನ್ನುವುದನ್ನು ಬರೆದೆವು.

ನಾವು ಬಳಸುವುದು ಕೋಹಾ ಎಂಬ ಗ್ರಂಥಾಲಯ ಸಾಫ್ಟ್‌ವೇರ್. ನ್ಯೂಜಿಲೆಂಡಿನ ಹೊರೊವೆನುವಾ ಎಂಬ ಜಿಲ್ಲೆಯ ಸಣ್ಣ ಊರುಗಳ ಗ್ರಂಥಾಲಯಕ್ಕಾಗಿ 1999ರಲ್ಲಿ ಬರೆದದ್ದು, 2000ದ ಜನವರಿಯಲ್ಲಿ ಕೆಲಸ ಶುರು ಮಾಡಿತು. ಮಾವೊರಿ ಭಾಷೆಯಲ್ಲಿ ಕೋಹಾ ಅಂದರೆ ಕಾಣಿಕೆ. ಹೆಸರಿಗೆ ತಕ್ಕಂತೆ ಯಾರು ಬೇಕಾದರೂ ದುಡ್ಡು ಕೊಡದೆ ಬಳಸಬಹುದು. ಆದರೆ ನೋಡಿಕೊಳ್ಳುವವರು ಬೇಕು. ವರ್ಷಕ್ಕೆ ಎರಡು ಸಲ, ಮೇ ಮತ್ತು ನವೆಂಬರ್‌ನಲ್ಲಿ, ಹೊಸ ಆವೃತ್ತಿ ಬರುತ್ತದೆ. ಅದನ್ನು ಹಾಕುವ ಮೊದಲು ಬೇರೆ ಯಂತ್ರದಲ್ಲಿ ಹಾಕಿ ನೋಡಬೇಕು. ಅದರ ಕೆಳಗೆ ಯಂತ್ರ ನಡೆಸುವ ಡೆಬಿಯನ್ ಇದೆ, ದಾಖಲೆ ಇಡುವ ಮಾರಿಯಾಡಿಬಿ ಇದೆ, ಹುಡುಕಾಟಕ್ಕೆ ಝೀಬ್ರಾ ಇದೆ. ಇದೆಲ್ಲ ಕಂಪ್ಯೂಟರ್ ಹುಡುಗನಿಗೂ ಬರುತ್ತದೆ, ಒಪ್ಪುತ್ತೇನೆ. ಆದರೆ ಪುಸ್ತಕದ ದಾಖಲೆ ಇರುವುದು ಮಾರ್ಕ್ 21 ಎಂಬ ಕ್ರಮದಲ್ಲಿ. ಅದರಲ್ಲಿ ಒಂದೊಂದು ವಿವರಕ್ಕೂ ಒಂದು ಸಂಖ್ಯೆಯ ಜಾಗ: 245ರಲ್ಲಿ ಪುಸ್ತಕದ ಹೆಸರು, 100ರಲ್ಲಿ ಬರೆದವರು, 082ರಲ್ಲಿ ವಿಷಯ ಹೇಳುವ ಡ್ಯೂಯಿ ವರ್ಗ ಸಂಖ್ಯೆ. ಎಲ್ಲಿ ತಪ್ಪಿದರೆ ಓದುಗರಿಗೆ ಏನು ಸಿಗುವುದಿಲ್ಲ ಅನ್ನುವುದು ಗ್ರಂಥಾಲಯದಲ್ಲಿ ಬೆಳೆದವರಿಗೇ ಹೊಳೆಯುವುದು.

ಜಾಹೀರಾತಿನ ಕೊನೆಯಲ್ಲಿ ಒಂದು ಸಾಲು ನಾನು ಹಟ ಹಿಡಿದು ಸೇರಿಸಿದೆ: "ಮಾಡಿದ ಪ್ರತಿ ಕೆಲಸವನ್ನೂ ಕನ್ನಡದಲ್ಲಿ ಬರೆದಿಡಬೇಕು." ಮೂರು ವರ್ಷ ನಾನು ಮಾಡಿದ್ದೆಲ್ಲ ನನ್ನ ತಲೆಯಲ್ಲೇ ಇದೆ, ಕಾಗದದ ಮೇಲೆ ಒಂದು ಪುಟವೂ ಇಲ್ಲ. ನಾನು ಟ್ರಾನ್ಸ್‌ಫರ್ ಆಗಿದ್ದರೆ ಇವರ ಗತಿ ಏನಾಗುತ್ತಿತ್ತು?

ಕರ್ನಾಟಕ ವಿಶ್ವವಿದ್ಯಾಲಯದ ಗ್ರಂಥಾಲಯ ವಿಜ್ಞಾನ ವಿಭಾಗದ ಕಡೆಯ ಪರಿಚಯದವರಿಗೆ, ಲೈಬ್ರರಿಯನ್‌ಗಳ ವಾಟ್ಸಾಪ್ ಗುಂಪುಗಳಿಗೆ ಕಳಿಸಿದೆವು. ಒಂಬತ್ತು ಅರ್ಜಿ ಬಂದವು.

ಆಗಸ್ಟ್, ಮೊದಲ ವಾರ

ಸಂದರ್ಶನದಲ್ಲಿ ಬರೀ ಪ್ರಶ್ನೆ ಕೇಳಬಾರದು, ಕೆಲಸ ಮಾಡಿಸಿ ನೋಡಬೇಕು ಅಂತ ಮೊದಲೇ ನಿರ್ಧರಿಸಿದ್ದೆವು. ಒಂದು ಹಳೆಯ ಕಂಪ್ಯೂಟರಿಗೆ ನಮ್ಮ ದಾಖಲೆಗಳ ನಕಲು ಹಾಕಿ, ಸದಸ್ಯರ ಹೆಸರು ಫೋನ್ ನಂಬರ್ ಎಲ್ಲ ಅಳಿಸಿ, ಪರೀಕ್ಷೆಗೆ ಸಿದ್ಧ ಮಾಡಲು ಕೂತೆ. ಬ್ಯಾಕಪ್‌ನಿಂದ ಎಲ್ಲವನ್ನೂ ಮತ್ತೆ ಎಬ್ಬಿಸುವುದು ಮೊದಲ ಕೆಲಸ ಅಂತ ಇಟ್ಟುಕೊಂಡಿದ್ದೆ.

ಅಲ್ಲಿ ನನಗೇ ಬೆವರು ಬಂತು. ಕೋಹಾ ದಿನಾ ಬ್ಯಾಕಪ್ ತೆಗೆಯುತ್ತಿತ್ತು ನಿಜ. ಆದರೆ ಅದೇ ಯಂತ್ರದ ಅದೇ ಡಿಸ್ಕಿನಲ್ಲಿ ಇಡುತ್ತಿತ್ತು, ಹಳೆಯದನ್ನು ಅಳಿಸುತ್ತಾ ಹೋಗುತ್ತಿತ್ತು. ಡಿಸ್ಕ್ ಹೋದರೆ ಪುಸ್ತಕದ ಪಟ್ಟಿಯೂ ಹೋಯಿತು, ಬ್ಯಾಕಪ್ಪೂ ಹೋಯಿತು. ಮೂರು ವರ್ಷದಲ್ಲಿ ಒಂದು ಸಲವೂ ನಾನು ಅದರಿಂದ ಮತ್ತೆ ಎಬ್ಬಿಸಿ ನೋಡಿರಲಿಲ್ಲ. ಅವತ್ತೇ ಹೋಗಿ ಹೊರಗಿನ ಹಾರ್ಡ್ ಡಿಸ್ಕ್ ತಂದೆ. ಸಣ್ಣ ವಾಚನಾಲಯ ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಈ ವಾರವೇ ನಿಮ್ಮದನ್ನು ಒಮ್ಮೆ ಎಬ್ಬಿಸಿ ನೋಡಿ.

ಆಗಸ್ಟ್, ಮೂರನೇ ವಾರ

ನಾಲ್ವರನ್ನು ಕರೆದೆವು, ಮೂವರು ಬಂದರು. ಒಬ್ಬರಿಗೆ ವರ್ಗೀಕರಣ ನೀರು ಕುಡಿದಷ್ಟು ಸಲೀಸು, ಆದರೆ ಸರ್ವರ್ ಮುಟ್ಟಿದವರಲ್ಲ. ಇನ್ನೊಬ್ಬರು ಬ್ಯಾಕಪ್‌ನಿಂದ ಇಪ್ಪತ್ತು ನಿಮಿಷದಲ್ಲಿ ಎಲ್ಲ ಎಬ್ಬಿಸಿ ತೋರಿಸಿದರು, ಸಮಿತಿಯವರಿಗೆಲ್ಲ ಮೆಚ್ಚುಗೆಯಾಯಿತು. "ಜೋಳ" ಯಾಕೆ ಸಿಗುತ್ತಿಲ್ಲ ಅಂತ ಕೇಳಿದ್ದಕ್ಕೆ, ಎಲ್ಲ ಹೊಸದಾಗಿ ಟೈಪ್ ಮಾಡಿಸಿಬಿಡಿ ಅಂದರು.

ಮೂರನೆಯವರು ಹುಬ್ಬಳ್ಳಿಯಿಂದ ಚಿಗರಿ ಬಸ್ಸಿಗೆ ಬಂದರು. ಎಂಜಿನಿಯರಿಂಗ್ ಕಾಲೇಜಿನ ಲೈಬ್ರರಿಯಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವರು. ಹೊರಗೆ ಜಿಟಿಜಿಟಿ ಮಳೆ. ಅವರು ಕೂತ ಐದೇ ನಿಮಿಷಕ್ಕೆ ಕರೆಂಟು ಹೋಯಿತು, ಯುಪಿಎಸ್ ಕೂಗತೊಡಗಿತು. ನಾನು ಕ್ಷಮೆ ಕೇಳುವಷ್ಟರಲ್ಲಿ ಅವರು ಎದ್ದು ಕೌಂಟರ್ ಹತ್ತಿರ ಹೋಗಿದ್ದರು.

"ಅಕ್ಕಾರ, ಕರೆಂಟ್ ಹ್ವಾದಾಗ ಪುಸ್ತಕ ಹೆಂಗ ಕೊಡ್ತೀರಿ?"

"ನೋಟ್‌ಬುಕ್ಕಿನ್ಯಾಗ ಬರಕೊಂತೀನ್ರಿ" ಅಂತ ನಮ್ಮ ಕೌಂಟರ್ ಅಕ್ಕ ಆ ನೂರು ಪುಟದ ನೋಟ್‌ಬುಕ್ ತೆಗೆದುಕೊಟ್ಟರು.

ಅದನ್ನು ಅವರು ಕಿಟಕಿ ಹತ್ತಿರ ನಿಂತು ಓದಿದರು. ಹತ್ತು ನಿಮಿಷವಾದರೂ ಓದಿರಬೇಕು. ಅದರಲ್ಲಿ ಬರೀ ಪುಸ್ತಕ ಕೊಟ್ಟ ಲೆಕ್ಕ ಇರಲಿಲ್ಲ. ಯಾರಾದರೂ ಕೇಳಿ ಸಿಗದೇ ಹೋದ ಪುಸ್ತಕಗಳನ್ನೂ ಅಕ್ಕ ಹಿಂದಿನ ಪುಟಗಳಲ್ಲಿ ಬರೆದಿಟ್ಟಿದ್ದರು. "ಬೇಂದ್ರೆ ಪದ್ಯ, ಸಿಗಲಿಲ್ಲ." "ಗೋಕಾಕರದು, ಸಿಗಲಿಲ್ಲ." ಮೂರು ವರ್ಷ ಪಕ್ಕದಲ್ಲೇ ಕೂತ ನಾನು ಆ ಪುಟಗಳನ್ನು ತೆರೆದೇ ಇರಲಿಲ್ಲ.

ಕರೆಂಟು ಬಂದ ಮೇಲೆ ಅವರು ಮೊದಲು ಹುಡುಕಿದ್ದು ಬೇಂದ್ರೆಯವರ ಕಾವ್ಯನಾಮ, ಅಂಬಿಕಾತನಯದತ್ತ ಅಂತ. ಸಾಲಾಗಿ ಬಂದವು. ದಾನ ಬಂದ ಹಳೆಯ ಪ್ರತಿಗಳ ಮುಖಪುಟದಲ್ಲಿ ಇದ್ದ ಹಾಗೇ ನಾವು ಟೈಪ್ ಮಾಡಿದ್ದೆವು. ಬೇಂದ್ರೆ ಎಂದು ಹುಡುಕಿದವರಿಗೆ ಅವು ಕಾಣುವುದೇ ಇಲ್ಲ. ವಿನಾಯಕ ಅಂದರೆ ಗೋಕಾಕರು, ಶ್ರೀರಂಗ ಅಂದರೆ ಆದ್ಯ ರಂಗಾಚಾರ್ಯರು, ಆನಂದಕಂದ ಅಂದರೆ ಬೆಟಗೇರಿ ಕೃಷ್ಣಶರ್ಮರು. ನಮ್ಮ ಭಾಗದ ಮನೆಗಳಲ್ಲಿ ಹಿರಿಯರಿಗೆ ಇದು ಗೊತ್ತು, ಕಂಪ್ಯೂಟರಿಗೆ ಯಾರೂ ಹೇಳಿರಲಿಲ್ಲ. ಒಬ್ಬ ಲೇಖಕರಿಗೆ ಒಂದೇ ಅಥಾರಿಟಿ ದಾಖಲೆ, ಅಂದರೆ ಅವರ ಎಲ್ಲ ಹೆಸರುಗಳನ್ನು ಒಂದೆಡೆ ಇಡುವ ದಾಖಲೆ, ಮಾಡಿ, 100ರಲ್ಲಿ ಒಂದು ಹೆಸರು, 400ರಲ್ಲಿ ಉಳಿದ ಹೆಸರುಗಳನ್ನು ಕೊಟ್ಟು ಪುಸ್ತಕಗಳಿಗೆ ಜೋಡಿಸಿದರೆ, ಯಾವ ಹೆಸರಿನಿಂದ ಹುಡುಕಿದರೂ ಸಿಗುತ್ತದೆ. ಇದಕ್ಕೆ ಕೋಹಾದಲ್ಲಿ ಜಾಗ ಇದ್ದೇ ಇದೆ.

ಆಮೇಲೆ ಜೋಳ. ಹಳೆಯ ಪಟ್ಟಿ ನುಡಿ ಎಂಬ ಕನ್ನಡ ಫಾಂಟಿನಲ್ಲಿತ್ತು. ಅದನ್ನು ಯೂನಿಕೋಡಿಗೆ, ಅಂದರೆ ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತಗಳಿಗೆ, ಬದಲಾಯಿಸದೆ ತೆರೆದರೆ ಕನ್ನಡದ ಬದಲು ಚುಕ್ಕೆ ಗೀಟು ಇರುವ ಯುರೋಪಿನ ಅಕ್ಷರಗಳು ಕಾಣುತ್ತವೆ. ಅದನ್ನು ಒಂದು ಪರಿವರ್ತಕದಿಂದ ಬದಲಾಯಿಸಿ ತುಂಬಿಸಿದ್ದು ನಾನೇ. ಪರದೆ ಮೇಲೆ ಎಲ್ಲ ಸರಿಯಾಗಿ ಕಂಡಿತ್ತು. ಅವರು ಆ ಪದವನ್ನು ಒಂದೊಂದೇ ಸಂಕೇತವಾಗಿ ಬಿಡಿಸಿ ತೋರಿಸಿದರು. ಕೀಲಿಮಣೆಯಲ್ಲಿ ನಾನು ಒತ್ತಿದ ಜೋಳದಲ್ಲಿ ಮೂರು ಇದ್ದವು: ಜ, ಓತ್ವ, ಳ. ದಾಖಲೆಯ ಜೋಳದಲ್ಲಿ ಐದು. ಓತ್ವ ಒಂದಾಗಿ ಇರಲಿಲ್ಲ. ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘದ ಗುರುತು ಅಂತ ಮೂರು ತುಂಡಾಗಿತ್ತು. ನುಡಿ ಫಾಂಟು ಓತ್ವವನ್ನು ಹಾಗೆ ತುಂಡುಗಳಿಂದಲೇ ಕಟ್ಟುವುದು, ಪರಿವರ್ತಕ ಅದನ್ನು ಹಾಗೇ ಎತ್ತಿ ಇಟ್ಟಿತ್ತು. ಕಣ್ಣಿಗೆ ಎರಡೂ ಒಂದೇ. ಸಂಕೇತಕ್ಕೆ ಸಂಕೇತ ಹೋಲಿಸುವ ಯಂತ್ರಕ್ಕೆ ಬೇರೆ ಬೇರೆ ಪದ.

"ಇದಕ್ಕ ಟೈಪ್ ಮಾಡಿಸೋದು ಬ್ಯಾಡ್ರಿ ಸರ್. ಯೂನಿಕೋಡಿನಾಗ ಈ ಎರಡೂ ಸಮ ಅಂತನ ಐತಿ. ಎಲ್ಲಾ ದಾಖಲೆ ಒಂದ ರೂಪಕ್ಕ ತಂದು, ಝೀಬ್ರಾಕ್ಕ ಐಸಿಯು ಅನ್ನೋ ಯೂನಿಕೋಡ್ ಸಾಫ್ಟ್‌ವೇರ್ ಹಚ್ಚಿ, ಮತ್ತ ಹುಡುಕಾಟದ ಇಂಡೆಕ್ಸ್ ಮಾಡಿದ್ರ ಆತು."

ಕಾಕಾ ನನ್ನ ಕಡೆ ತಿರುಗಿ ತಲೆ ಆಡಿಸಿದರು. ನನಗೆ ಗಂಟಲು ತುಂಬಿ ಬಂತು.

ಸೆಪ್ಟೆಂಬರ್

ಸಂಬಳದ ಮಾತು ಸುಲಭ ಇರಲಿಲ್ಲ. ಅವರು ಈಗ ತೆಗೆದುಕೊಳ್ಳುವಷ್ಟನ್ನು ಕೊಡುವ ಶಕ್ತಿ ನಮಗಿರಲಿಲ್ಲ. ಹೊಸ ಕುರ್ಚಿ ಮೇಜಿಗೆ ಅಂತ ಇಟ್ಟಿದ್ದ ಹಣವನ್ನು ಸಮಿತಿ ಈ ಕಡೆ ತಿರುಗಿಸಿತು. ನಾನು ಅದಕ್ಕೆ ಪೂರ್ತಿ ಒಪ್ಪುತ್ತೇನೆ. ಇನ್ನೊಂದು ವರ್ಷ ಹಳೆಯ ಬೆಂಚಿನ ಮೇಲೆ ಕೂರಬಹುದು.

ಅವರು ಕೇಳಿದ ಷರತ್ತುಗಳು ಹಣದವಲ್ಲ. ಪ್ರಯೋಗಕ್ಕೆ ಬೇರೆಯೇ ಒಂದು ಯಂತ್ರ ಬೇಕು. ವಾರದಲ್ಲಿ ಒಂದು ಮಧ್ಯಾಹ್ನ ಕೌಂಟರಿಗೆ ಕರೆಯಬಾರದು. ಮತ್ತೆ, ಕೌಂಟರ್ ಅಕ್ಕ ಆ ನೋಟ್‌ಬುಕ್ ಬರೆಯುವುದನ್ನು ನಿಲ್ಲಿಸಬಾರದು. ಮೂರನ್ನೂ ನೇಮಕ ಪತ್ರದಲ್ಲೇ ಬರೆದು ಕೊಟ್ಟೆವು.

ಅಕ್ಟೋಬರ್, ಎರಡನೇ ವಾರ

ಒಂದನೇ ತಾರೀಕಿಗೆ ಸೇರಿಕೊಂಡರು. ಮೊದಲ ಮೂರು ದಿನ ಏನನ್ನೂ ಬದಲಾಯಿಸಲಿಲ್ಲ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನನ್ನ ತಲೆಯಲ್ಲಿದ್ದ ಪಾಸ್‌ವರ್ಡು, ಕ್ರಮ, ಕಾರಣ ಎಲ್ಲ ಬರೆಸಿಕೊಂಡರು. ಮೂವತ್ತೊಂದು ಪುಟ ಆಯಿತು. ನಾಲ್ಕನೇ ದಿನ ಪ್ರಯೋಗದ ಯಂತ್ರದಲ್ಲಿ ಅಕ್ಷರ ಸರಿಪಡಿಸಿ ನೋಡಿದರು. ಭಾನುವಾರ ವಾಚನಾಲಯ ಮುಚ್ಚಿದ ಮೇಲೆ ನಿಜವಾದ ದಾಖಲೆಗಳ ಮೇಲೆ ನಡೆಸಿದೆವು. ಇಂಡೆಕ್ಸ್ ಮುಗಿಯುವತನಕ ಚಹಾ ತರಿಸಿಕೊಂಡು ಕಾದೆವು. "ಜೋಳ" ಒತ್ತಿದೆ. ಏಳು ಪುಸ್ತಕ ಬಂದವು, ಮಾಸ್ತರರಿಗೂ ಸಿಗದಿದ್ದ ಐದು ಸೇರಿ.

ಕಾವ್ಯನಾಮದ ಕೆಲಸ ನಡೆದಿದೆ. ಕೌಂಟರ್ ಅಕ್ಕ ಮತ್ತು ಅವರು ಮಧ್ಯಾಹ್ನ ಊಟ ಮುಗಿಸಿ ದಿನಕ್ಕೆ ಹತ್ತು ಹೆಸರಿನಂತೆ ಮಾಡುತ್ತಿದ್ದಾರೆ. ಕನ್ನಡ ಸಾಹಿತ್ಯದ ಪುಸ್ತಕಗಳಿಗೆಲ್ಲ ನಾನು ಬರೀ 894.814 ಅಂತ, ಅಂದರೆ ಕನ್ನಡ ಸಾಹಿತ್ಯದ ಡ್ಯೂಯಿ ಸಂಖ್ಯೆ, ಹಾಕಿ ಬಿಟ್ಟಿದ್ದೆ. ಕಾವ್ಯ, ನಾಟಕ, ಕಾದಂಬರಿ ಬೇರೆ ಮಾಡಿ ಬೆನ್ನಿನ ಚೀಟಿ ಹೊಸದಾಗಿ ಅಂಟಿಸಬೇಕು. ಅದಕ್ಕೆ ದೀಪಾವಳಿ ರಜೆಗೆ ಊರಿಗೆ ಹೋಗದ ಹುಡುಗರು ಕೈ ಜೋಡಿಸುತ್ತೇವೆ ಅಂದಿದ್ದಾರೆ. ಕೋಹಾದ ನವೆಂಬರ್ ಆವೃತ್ತಿಯನ್ನು ತಕ್ಷಣ ಹಾಕುವುದು ಬೇಡ, ಒಂದು ತಿಂಗಳು ಪ್ರಯೋಗದ ಯಂತ್ರದಲ್ಲಿ ಇಡೋಣ ಅಂತ ಅವರ ಮಾತು.

ಮಾಸ್ತರರಿಗೆ ಫೋನ್ ಮಾಡಿ ಏಳು ಪುಸ್ತಕದ ವಿಷಯ ಹೇಳಿದೆ. ಶನಿವಾರ ಬರುತ್ತಾರಂತೆ.