ನೀರಿಲ್ಲದ ಜಿಲ್ಲೆಯಿಂದ ಒಂದು ಟ್ರಯಥ್ಲಾನ್

ಚಿಕ್ಕಬಳ್ಳಾಪುರದಲ್ಲಿ ಓಡುವವರಿಗೆ ಬರ ಇಲ್ಲ. ಸೈಕಲ್ ತುಳಿಯುವವರಿಗೂ ಇಲ್ಲ. ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ರಸ್ತೆಯಲ್ಲಿ ನಿಂತು ನೋಡಿ, ಬೆಂಗಳೂರಿನಿಂದ ಬಂದವರು ಸಾಲುಗಟ್ಟಿ ಬೆಟ್ಟ ಹತ್ತುತ್ತಿರುತ್ತಾರೆ. ನಮ್ಮಲ್ಲಿ ಇಲ್ಲದಿರುವುದು ಈಜುವುದಕ್ಕೆ ನೀರು.

ಟ್ರಯಥ್ಲಾನ್‌ನಲ್ಲಿ ಮೊದಲು ಈಜು, ಆಮೇಲೆ ಸೈಕಲ್, ಕೊನೆಗೆ ಓಟ. ಮಧ್ಯೆ ಬಟ್ಟೆ, ಶೂ ಹಾಕಿಕೊಳ್ಳುವ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ಸ್ಪ್ರಿಂಟ್ ಅನ್ನುವುದು ಇದರ ಚಿಕ್ಕ ರೂಪ: 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. 2000ದ ಸಿಡ್ನಿ ಕೂಟದಿಂದ ಒಲಿಂಪಿಕ್ಸ್‌ನಲ್ಲಿ ನಡೆಯುತ್ತಿರುವುದು ಇದರ ಎರಡರಷ್ಟು ದೂರದ್ದು. 1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಟ್ರಯಥ್ಲಾನ್ ಹೆಸರಿನ ಮೊದಲ ಸ್ಪರ್ಧೆ ನಡೆದಾಗ ಶುರುವಾಗಿದ್ದು ಓಟದಿಂದ. ಈಗ ಈಜೇ ಮೊದಲು. ದಣಿದ ಮೈಯಲ್ಲಿ ನೀರಿಗಿಳಿಯುವುದು ಅಪಾಯ ಅಲ್ವಾ?

ಮೂರರಲ್ಲಿ ಬೇಗ ಮುಗಿಯುವುದು ಈಜು. ನಮ್ಮ ಕಡೆ ಹೆಣ್ಣುಮಕ್ಕಳನ್ನು ಈ ಆಟದಿಂದ ಹೊರಗೆ ನಿಲ್ಲಿಸಿರುವುದೂ ಅದೇ.

ನನ್ನ ತವರು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ. ಹೊಲದ ಮೂಲೆಯಲ್ಲಿ, ಎತ್ತು ಕಟ್ಟಿ ನೀರೆತ್ತುವ ಒಂದು ಕಪಿಲೆ ಬಾವಿ ಇತ್ತು. ಅಣ್ಣಂದಿರು ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಅಲ್ಲೇ ಈಜು ಕಲಿತರು. ಬೇಸಿಗೆ ರಜೆಯಲ್ಲಿ ಊಟಕ್ಕೆ ಕರೆದರೂ ಮೇಲೆ ಬರುತ್ತಿರಲಿಲ್ಲ. ನಾನು ಕಟ್ಟೆಯ ಮೇಲೆ ಕೂತು ಅವರ ಬಟ್ಟೆ ಕಾಯುತ್ತಿದ್ದೆ. ಹುಡುಗಿಯನ್ನೂ ಬಾವಿಗೆ ಇಳಿಸಬಹುದು ಅಂತ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಬಾವಿ ಬತ್ತಿತು. ಸುತ್ತ ಬೋರ್‌ವೆಲ್‌ಗಳು 1000 ಅಡಿ, 1200 ಅಡಿ ಇಳಿದವು. ಆಮೇಲೆ ಹುಟ್ಟಿದ ಗಂಡುಮಕ್ಕಳಿಗೂ ಈಜು ಬರುವುದಿಲ್ಲ.

ನಾನು ಈಗ ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಪಾಲಾರ್, ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಇವೆಲ್ಲ ನಂದಿ ಬೆಟ್ಟಗಳ ಸುತ್ತಮುತ್ತ ಹುಟ್ಟುತ್ತವೆ ಅಂತ ಮ್ಯಾಪಿನ ಮೇಲೆ ತೋರಿಸುತ್ತೇನೆ. ಇಷ್ಟು ನದಿಗಳಲ್ಲಿ ಒಂದೂ ನಮ್ಮಲ್ಲಿ ವರ್ಷವಿಡೀ ಹರಿಯುವುದಿಲ್ಲ. ಕಂದವಾರ ಕೆರೆಯಲ್ಲಿ ಈಗ ನೀರು ಕಾಣುತ್ತದೆ ನಿಜ. ಅದು ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನಿಂದ ಬರುವ, ಎರಡು ಹಂತದಲ್ಲಿ ಶುದ್ಧ ಮಾಡಿದ ಕೊಳಚೆ ನೀರು. ಅಂತರ್ಜಲ ಏರಲಿ ಅಂತ ಬಿಟ್ಟಿರುವುದು. ಅದರಲ್ಲಿ ಮುಖ ಮುಳುಗಿಸಿ ಈಜಲು ಆಗುವುದಿಲ್ಲ.

ಹಾಗಾಗಿ ನಾನು ಈಜು ಕಲಿತಿದ್ದು ಊರಾಚೆಯ ಒಂದು ರೆಸಾರ್ಟಿನ ಕೊಳದಲ್ಲಿ, ಮದುವೆಯಾಗಿ ಮಗಳು ಹೈಸ್ಕೂಲಿಗೆ ಬಂದ ಮೇಲೆ. ಬೆಳಗಿನ ಒಂದು ಗಂಟೆ ಹೆಂಗಸರಿಗೆ ಅಂತ ಬಿಡುತ್ತಾರೆ. ಕಣಕಾಲಿನವರೆಗೂ ಬರುವ ಸ್ವಿಮ್ಮಿಂಗ್ ಡ್ರೆಸ್ ಸಿಗುತ್ತದೆ, ಮುಜುಗರವೇನೂ ಇಲ್ಲ. ಅತ್ತೆ ಏನಾದರೂ ಅಂದಾರು ಅಂದುಕೊಂಡಿದ್ದೆ. ಅವರು ಹೇಳಿದ್ದು ಒಂದೇ ಮಾತು: "ತಲೆ ಚೆನ್ನಾಗಿ ಒರೆಸಿಕೊಂಡು ಬಾರಮ್ಮ, ಶೀತ ಆದೀತು."

ದೊಡ್ಡವರಾದ ಮೇಲೆ ಈಜು ಕಲಿಯುವವರಿಗೆ ಕೈಕಾಲು ಕಷ್ಟವಲ್ಲ, ಉಸಿರು ಕಷ್ಟ. ಮುಖ ನೀರಿಗೆ ಹೋದ ತಕ್ಷಣ ಎಲ್ಲರೂ ಉಸಿರು ಹಿಡಿಯುತ್ತಾರೆ. ಎದೆಯಲ್ಲಿ ಹಳೆಯ ಗಾಳಿ ಹಾಗೇ ಉಳಿಯುತ್ತದೆ. ತಲೆ ಪಕ್ಕಕ್ಕೆ ತಿರುಗಿಸಿದಾಗ ಹೊಸ ಗಾಳಿಗೆ ಜಾಗವೇ ಇರುವುದಿಲ್ಲ. ನಾಲ್ಕು ಸಲ ಕೈ ಬೀಸುವಷ್ಟರಲ್ಲಿ ಗಾಬರಿ ಶುರು. ನಮ್ಮ ಕೋಚ್ ಸರ್ ಬಹಳ ದಿನ ಈಜಿಸಲೇ ಇಲ್ಲ. ಕೊಳದ ಅಂಚು ಹಿಡಿದು ಮುಖ ಮುಳುಗಿಸಿ ಉಸಿರು ಬಿಡುವುದು, ಅಷ್ಟೇ ಪಾಠ. ಅಮ್ಮ ರೇಷ್ಮೆ ಬಿಚ್ಚಾಣಿಕೆ ಕೆಲಸ ಮಾಡಿದವಳು. ಬಿಸಿ ನೀರಿನ ಗೂಡಿನಿಂದ ರೇಷ್ಮೆ ಎಳೆ ತುಂಡಾಗದೆ ಬರುತ್ತದಲ್ಲ, ಹಾಗೆ ಉಸಿರು ಒಂದೇ ಸಮನೆ ಹೊರಗೆ ಹೋಗಬೇಕು. ಅದು ಕೂಡಿಬಂದ ದಿನ ನೀರಿನ ಭಯ ಹೋಯಿತು. ಅಂಚು ಬಿಟ್ಟು ಕೊಳದ ಆಚೆ ತುದಿ ಮುಟ್ಟಿದಾಗ ನನಗೆ ಬಂದ ಖುಷಿ ಬಿ.ಎಡ್. ಪಾಸಾದಾಗಲೂ ಬಂದಿರಲಿಲ್ಲ.

ನಾನು ಭಾಗವಹಿಸಿದ ಸ್ಪ್ರಿಂಟ್ ಟ್ರಯಥ್ಲಾನ್ ನಡೆದಿದ್ದು ಅವರೆಕಾಯಿ ಕಾಲದ ಒಂದು ಭಾನುವಾರ. ಇಬ್ಬನಿ ಎಷ್ಟಿತ್ತೆಂದರೆ ನಂದಿ ಬೆಟ್ಟ ಕಾಣುತ್ತಲೇ ಇರಲಿಲ್ಲ. ಕೊಳ 25 ಮೀಟರಿನದು, 30 ಸಲ ಉದ್ದಕ್ಕೆ ಈಜಬೇಕು. ಎಲ್ಲರೂ ಒಟ್ಟಿಗೆ ಧುಮುಕುವಂತಿಲ್ಲ. ಒಬ್ಬರ ಹಿಂದೆ ಒಬ್ಬರನ್ನು ಸ್ವಲ್ಪ ಹೊತ್ತು ಬಿಟ್ಟು ಬಿಡುತ್ತಾರೆ. ಎಷ್ಟು ಸಲ ಆಯಿತು ಅಂತ ಲೆಕ್ಕ ಇಡಲು ಪ್ರತಿ ಲೇನಿಗೂ ಒಬ್ಬರು ಕೂತಿದ್ದರು. ನೀರು ಕೊರೆಯುವಷ್ಟು ತಣ್ಣಗಿತ್ತು. ಮೊದಲ ನೂರು ಮೀಟರ್ ನಿಧಾನ ಹೋಗಬೇಕು ಅಂತ ನಿರ್ಧರಿಸಿದ್ದೆ, ಹಾಗೇ ಹೋದೆ. ಪಕ್ಕದ ಲೇನಿನ ಹುಡುಗ ನೀರು ಚಿಮ್ಮಿಸುತ್ತಾ ಮುಂದೆ ಹೋದ. ಅರ್ಧ ದಾರಿಯಲ್ಲಿ ಅವನು ಅಂಚು ಹಿಡಿದು ನಿಂತು ಏದುಸಿರು ಬಿಡುತ್ತಿದ್ದ. ನಾನು ನಿಲ್ಲಲಿಲ್ಲ. ಹೊರಗೆ ಬಂದಾಗ 24 ನಿಮಿಷ.

ಈಜು ಮುಗಿಸಿ ಸೈಕಲ್ ನಿಲ್ಲಿಸಿದ ಜಾಗಕ್ಕೆ ಓಡಬೇಕು. ಅಲ್ಲಿ ಒಂದು ಕಟ್ಟುನಿಟ್ಟಿನ ನಿಯಮ: ಹೆಲ್ಮೆಟ್ ಹಾಕಿ ಪಟ್ಟಿ ಬಿಗಿದ ಮೇಲೆಯೇ ಸೈಕಲ್ ಮುಟ್ಟಬೇಕು. ಗೆರೆ ದಾಟಿದ ಮೇಲೆಯೇ ಹತ್ತಬೇಕು. ಸಾಕ್ಸ್ ಒಳಗೆ ಮೊದಲೇ ಪೌಡರ್ ಉದುರಿಸಿಟ್ಟರೆ ಒದ್ದೆ ಕಾಲಿಗೂ ಸಲೀಸಾಗಿ ಏರುತ್ತದೆ. ಇದನ್ನು ಹೊಸಬರು ದಯವಿಟ್ಟು ನೆನಪಿಟ್ಟುಕೊಳ್ಳಿ.

ಸೈಕಲ್ ದಾರಿ ನಂದಿ ಗ್ರಾಮದ ಕಡೆಗೆ, ಎರಡು ಸುತ್ತು. ರಸ್ತೆ ಬದಿ ಅವರೆಕಾಯಿ ಮೂಟೆಗಳು ಬಂದು ಬಿದ್ದಿದ್ದವು, ದಾರಿಯುದ್ದಕ್ಕೂ ಸೊಗಡಿನ ವಾಸನೆ. ಒಂದು ಕಡೆ ದ್ರಾಕ್ಷಿ ಚಪ್ಪರ, ಇನ್ನೊಂದು ಕಡೆ ಗುಲಾಬಿ ತೋಟ. ಮುಂದಿನವರಿಂದ ಹತ್ತು ಮೀಟರ್ ದೂರ ಇರಬೇಕು ಅಂತ ಹೇಳಿದ್ದರು. ಹಿಂದೆ ಅಂಟಿಕೊಂಡು ಹೋದರೆ ಗಾಳಿಯನ್ನು ಅವರೇ ಸೀಳುತ್ತಾರೆ, ನಮಗೆ ಶ್ರಮ ಕಡಿಮೆ. ಅದು ನಮ್ಮ ಸ್ಪರ್ಧೆಯಲ್ಲಿ ನ್ಯಾಯ ಅಲ್ಲ. ತೋಟದ ಬೇಲಿ ಹತ್ತಿರ ನಿಂತ ಅಜ್ಜಿಯೊಬ್ಬರು "ಎಕ್ಕಡಿಕಮ್ಮಾ ಇಂತ ಜೋರುಗಾ?" (ಎಲ್ಲಿಗಮ್ಮಾ ಇಷ್ಟು ಜೋರಾಗಿ?) ಅಂತ ತೆಲುಗಿನಲ್ಲಿ ಕೂಗಿದರು. "ಇಕ್ಕಡಿಕೇ ಅವ್ವಾ, ಮಳ್ಳೀ ವಸ್ತಾನು" (ಇಲ್ಲಿಗೇ ಅವ್ವಾ, ಮತ್ತೆ ಬರ್ತೀನಿ) ಅಂದೆ. ಎರಡನೇ ಸುತ್ತಿಗೆ ಬಂದಾಗ ಅಜ್ಜಿ ಅಲ್ಲೇ ಕಾದು ನಿಂತಿದ್ದರು.

ಕೊನೆಯ ಒಂದು ಕಿಲೋಮೀಟರ್ ಗೇರ್ ಹಗುರ ಮಾಡಿ ಬೇಗ ಬೇಗ ತುಳಿಯಬೇಕು. ಸೈಕಲ್ ಮೇಲೆ ಬಗ್ಗಿ ಕೂತು ಸುತ್ತು ತಿರುಗಿಸುತ್ತಿದ್ದ ಕಾಲಿಗೆ ಇದ್ದಕ್ಕಿದ್ದಂತೆ ಓಡು ಅಂದರೆ ಅದು ಕೇಳುವುದಿಲ್ಲ. ಮೊದಲ ಹತ್ತು ನಿಮಿಷ ತೊಡೆ ನನ್ನದಲ್ಲ ಅನ್ನಿಸುತ್ತದೆ. ಸೈಕಲ್ ಇಳಿದ ತಕ್ಷಣ ಓಡುವ ಅಭ್ಯಾಸ ವಾರಕ್ಕೊಮ್ಮೆಯಾದರೂ ಮಾಡಿದ್ದರೆ ಆ ಹೊತ್ತು ಬೇಗ ಕಳೆಯುತ್ತದೆ.

ಓಟದ ದಾರಿಯಲ್ಲಿ ನಮ್ಮ ಶಾಲೆಯ ಹುಡುಗಿಯರು ಬಂದು ನಿಂತಿದ್ದರು. "ಮಿಸ್, ಇನ್ನು ಸ್ವಲ್ಪಾನೇ ಮಿಸ್!" ಅಂತ ಪಕ್ಕದಲ್ಲೇ ಓಡಿ ಬಂದರು, ಚಪ್ಪಲಿಯಲ್ಲೇ. ಒಟ್ಟು 1 ಗಂಟೆ 58 ನಿಮಿಷಕ್ಕೆ ಮುಗಿಸಿದೆ. ನಮ್ಮನೆಯವರು ಕೈಗೆ ಮೆಡಲ್‌ಗಿಂತ ಮೊದಲು ಬಿಸಿ ಅವರೆಕಾಳು ಉಪ್ಪಿಟ್ಟಿನ ತಟ್ಟೆ ಕೊಟ್ಟರು.

ಹೆಂಗಸರ ಗುಂಪಿನಲ್ಲಿ ನಮ್ಮ ತಾಲ್ಲೂಕಿನವಳು ನಾನೊಬ್ಬಳೇ. ಇದು ನನಗೆ ಹೆಮ್ಮೆಯ ವಿಷಯ ಅಲ್ಲ, ಬೇಜಾರಿನ ವಿಷಯ. ನನ್ನ ಪಕ್ಕ ಚಪ್ಪಲಿಯಲ್ಲಿ ಓಡಿ ಬಂದರಲ್ಲ, ಅವರಲ್ಲಿ ಒಂಬತ್ತನೇ ಕ್ಲಾಸಿನ ಒಬ್ಬಳು ಓಟದಲ್ಲಿ ನನ್ನನ್ನು ಎಷ್ಟೋ ಹಿಂದೆ ಹಾಕುತ್ತಾಳೆ. 2006-07ರಲ್ಲಿ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತಲ್ಲ, ಆಗಿನಿಂದ ಹಳ್ಳಿಯ ಹುಡುಗಿಯರು ಸೈಕಲ್ ತುಳಿಯುವುದು ಮಾಮೂಲಿಯಾಯಿತು. ಓಟ ಇದೆ, ಸೈಕಲ್ ಇದೆ. ಕಲಿಸುವ ಕೊಳ ಒಂದಿದ್ದರೆ ಇವರು ರಾಜ್ಯ ಮಟ್ಟಕ್ಕೆ ಹೋಗುತ್ತಾರೆ.

ಆಟದ ಮಾತು ಬಿಡಿ. ಈಗ ಹೊಲಹೊಲಕ್ಕೂ ಕೃಷಿ ಹೊಂಡ ಇದೆ. ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಕಾಲು ಜಾರಿದರೆ ಹಿಡಿದು ಮೇಲೆ ಬರಲು ಏನೂ ಸಿಗುವುದಿಲ್ಲ. ಮಕ್ಕಳು ಮುಳುಗಿದ ಸುದ್ದಿ ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ. ಬಾವಿ ಇದ್ದ ಕಾಲದ ಮಕ್ಕಳಿಗೆ ಈಜು ಬರುತ್ತಿತ್ತು. ಹೊಂಡದ ಕಾಲದ ಮಕ್ಕಳಿಗೆ ಬರುವುದಿಲ್ಲ. ಹೊಂಡದ ಸುತ್ತ ಬೇಲಿ ಹಾಕಿ, ಹಗ್ಗ, ಟ್ಯೂಬ್ ಇಡಿ ಅಂತ ಪೋಷಕರ ಸಭೆಯಲ್ಲಿ ಪ್ರತಿ ಸಲ ಹೇಳುತ್ತೇನೆ. ಜೊತೆಗೆ ಈಜೂ ಕಲಿಸಲೇಬೇಕು.

ನಾನು ಕಲಿತ ಕೊಳದವರನ್ನು ಕೇಳಿದೆ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಒಂದು ಗಂಟೆ ಹುಡುಗಿಯರಿಗೆ ಬಿಡಲು ಒಪ್ಪಿದ್ದಾರೆ. ಕೋಚ್ ಸರ್ ಅವರ ಹೆಂಡತಿ ಕಲಿಸುತ್ತಾರೆ, ನಾನು ಜೊತೆಗಿರುತ್ತೇನೆ. ಮೊದಲ ತಂಡದ ಎಂಟು ಹುಡುಗಿಯರ ಅಪ್ಪ ಅಮ್ಮ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕೊಟ್ಟಿದ್ದಾರೆ. ನಿಮ್ಮ ಮನೆಯಲ್ಲಿ ಯಾರೂ ಹಾಕದೆ ಬಿಟ್ಟ ಸ್ವಿಮ್ಮಿಂಗ್ ಡ್ರೆಸ್, ಗಾಗಲ್ಸ್, ಕ್ಯಾಪ್ ಇದ್ದರೆ ತಿಳಿಸಿ, ನಾನೇ ಬಂದು ತೆಗೆದುಕೊಳ್ಳುತ್ತೇನೆ. ಅಳತೆ ದೊಡ್ಡದಾದರೂ ಪರವಾಗಿಲ್ಲ, ನಮ್ಮ ಬೀದಿಯ ಟೈಲರ್ ಅಕ್ಕ ಹಿಡಿದು ಹೊಲಿದುಕೊಡುತ್ತೇನೆ ಅಂದಿದ್ದಾರೆ.