ಗ್ರಾಹಕರಿಗೆ ಕೊಡುವ ಉಡುಗೊರೆ

ಬೆಂಗಳೂರಿನ ಪೀಣ್ಯದಲ್ಲಿರುವ ನಮ್ಮ ಸಣ್ಣ ವರ್ಕ್‌ಶಾಪಿನಲ್ಲಿ ಬುಷ್, ಶಾಫ್ಟ್, ಪಿನ್ನುಗಳಂಥ ಯಂತ್ರದ ಬಿಡಿಭಾಗಗಳನ್ನು ಲೇತಿನಲ್ಲಿ, ಅಂದರೆ ಲೋಹವನ್ನು ತಿರುಗಿಸುತ್ತಾ ಕಡೆಯುವ ಯಂತ್ರದಲ್ಲಿ, ತಿರುಗಿಸಿಕೊಡುವ ಜಾಬ್ ವರ್ಕ್ ನಡೆಯುತ್ತದೆ. ನಮಗೆ ಕೆಲಸ ಕೊಡುವ ಕಂಪನಿಗಳು ಮೂವತ್ತಕ್ಕಿಂತ ತುಸು ಹೆಚ್ಚು. ಕೆಲವು ವರ್ಷಗಳ ಹಿಂದಿನವರೆಗೂ ದೀಪಾವಳಿಗೆ ಹದಿನೈದು ದಿನ ಇರುವಾಗ ಹಿಂದಿನ ವರ್ಷದ ಪಟ್ಟಿಯನ್ನೇ ತೆಗೆದು, ಮುಚ್ಚಳದ ಮೇಲೆ ನಮ್ಮ ಹೆಸರು ಅಚ್ಚು ಹಾಕಿಸಿದ ಒಂದೇ ಅಳತೆಯ ಡ್ರೈಫ್ರೂಟ್ ಡಬ್ಬಿಗಳನ್ನು ಎಲ್ಲರಿಗೂ ಟೆಂಪೋದಲ್ಲಿ ಕಳುಹಿಸಿ, ಕೆಲಸ ಮುಗಿಯಿತೆಂದು ಸುಮ್ಮನಾಗುತ್ತಿದ್ದೆ.

ಒಂದು ವರ್ಷ ಆ ಡಬ್ಬಿಗಳಲ್ಲೊಂದು, ತಂದೆಯನ್ನು ಕಳೆದುಕೊಂಡು ಇನ್ನೂ ವರ್ಷಾಬ್ದಿಕ ಮುಗಿಯದ ಗ್ರಾಹಕರೊಬ್ಬರ ಮನೆಗೆ, ಹಬ್ಬದ ಸಂಭ್ರಮ ಮನೆ ತುಂಬಲಿ ಎಂಬ ಹಾರೈಕೆಯ ಚೀಟಿಯೊಂದಿಗೆ ಹೋಯಿತು. ಅವರ ತಂದೆ ತೀರಿಕೊಂಡಾಗ ಸ್ವತಃ ನಾನೇ ಹೋಗಿ ಮಾತನಾಡಿಸಿಕೊಂಡು ಬಂದಿದ್ದೆ; ಆದರೆ ಪಟ್ಟಿಗೆ ಅದು ಗೊತ್ತಿರಲಿಲ್ಲ. ಅವರು ಬೇಸರವನ್ನೇನೂ ತೋರಿಸದೆ ಫೋನ್ ಮಾಡಿ, “ಈ ವರ್ಷ ನಮ್ಮಲ್ಲಿ ಹಬ್ಬ ಇಲ್ಲ ಸಾರ್, ಡಬ್ಬೀನ ಹುಡುಗರಿಗೆ ಹಂಚಿದೆ” ಎಂದಷ್ಟೇ ಹೇಳಿದರು. ಆ ದಿನ ನನಗಾದ ನಾಚಿಕೆ ಇಂದಿಗೂ ಮಾಸಿಲ್ಲ. ಅದಾದ ಮೇಲೆ ಪಟ್ಟಿಯನ್ನು ಬಿಟ್ಟು, ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಗ್ರಾಹಕರಿಗೂ ಒಂದೊಂದು ಪುಟವನ್ನು ಇಟ್ಟೆ.

ಆ ಪುಟಗಳಲ್ಲಿರುವುದು ದೊಡ್ಡ ಸಂಗತಿಗಳೇನಲ್ಲ. ಒಬ್ಬರಿಗೆ ಸಕ್ಕರೆ ಕಾಯಿಲೆ, ಮತ್ತೊಬ್ಬರು ಹೊಸ ಶೆಡ್ಡಿಗೆ ಕಾರ್ತಿಕ ಮಾಸದಲ್ಲಿ ಪೂಜೆ ಇಟ್ಟುಕೊಂಡಿದ್ದಾರೆ, ಇನ್ನೊಬ್ಬರು ಕಚೇರಿಯಲ್ಲೇ ಹಿತ್ತಾಳೆಯ ಫಿಲ್ಟರ್ ಇಟ್ಟುಕೊಂಡು ಬಂದವರಿಗೆಲ್ಲ ಡಿಕಾಕ್ಷನ್ ಇಳಿಸಿ ಕಾಫಿ ಕೊಡುತ್ತಾರೆ. ಈ ಮೂರನೆಯವರಿಗೆ ನಾನು ವರ್ಷಕ್ಕೊಮ್ಮೆ ಚಿಕ್ಕಮಗಳೂರಿನಿಂದ ಚಿಕೋರಿ ಬೆರೆಸದ ಪೀಬೆರಿ (ಹಣ್ಣಿನೊಳಗೆ ಒಂದೇ ದುಂಡು ಬೀಜವಿರುವ ಕಾಫಿ) ಪುಡಿಯನ್ನು ತರಿಸಿಕೊಡುತ್ತೇನೆ. ಪುಡಿ ಮಾಡಿದ ಕಾಫಿಯ ಘಮ ಬೇಗ ಇಳಿದುಹೋಗುವುದರಿಂದ, ಹುರಿದ ವಾರದಲ್ಲೇ ಅವರ ಕೈಸೇರುವಂತೆ ಅರ್ಧ ಕಿಲೋ ಮಾತ್ರ ಕೊಡುವುದು ನನ್ನ ರೂಢಿ. ಎರಡು ಕಿಲೋ ಕೊಟ್ಟರೆ ಡಬ್ಬಿ ದೊಡ್ಡದಾಗಿ ಕಾಣಬಹುದು, ಆದರೆ ಕೊನೆಯ ಕಿಲೋದಲ್ಲಿ ರುಚಿಯೇ ಉಳಿದಿರುವುದಿಲ್ಲ.

ಉಡುಗೊರೆಯ ಮೇಲೆ ನಮ್ಮ ಕಂಪನಿಯ ಹೆಸರನ್ನು ದೊಡ್ಡದಾಗಿ ಅಚ್ಚು ಹಾಕಿಸುವುದನ್ನು ನಾನು ಸಂಪೂರ್ಣವಾಗಿ ನಿಲ್ಲಿಸಿದ್ದೇನೆ. ಹಾಗೆ ಮಾಡಿದರೆ ಅದು ಜಾಹೀರಾತಾಗುತ್ತದೆಯೇ ಹೊರತು ಉಡುಗೊರೆಯಾಗುವುದಿಲ್ಲ. ಗೋಡೆಯ ಕ್ಯಾಲೆಂಡರ್ ಮಾತ್ರ ಇದಕ್ಕೆ ಹೊರತು. ದಪ್ಪ ಅಂಕಿಗಳಿದ್ದು, ರಾಹುಕಾಲ, ಅಮಾವಾಸ್ಯೆ, ಸಂಕಷ್ಟಿಗಳನ್ನು ಗುರುತಿಸಿ, ದಿನಾಂಕದ ಕೆಳಗೆ ಬರೆಯಲು ಜಾಗ ಬಿಟ್ಟಿರುವ ಕ್ಯಾಲೆಂಡರನ್ನು ಸ್ಟೋರ್ಸಿನವರು ಮಾಲು ಕಳುಹಿಸುವ ತಾರೀಖಿಗೂ ಅವರ ಮನೆಯವರು ಹಾಲಿನ ಲೆಕ್ಕಕ್ಕೂ ವರ್ಷವಿಡೀ ಬಳಸುತ್ತಾರೆ. ನಮ್ಮ ತಂದೆಯವರ ಕಾಲದಿಂದಲೂ ಕೊಡುತ್ತಿರುವ ಅದನ್ನು ಡಿಸೆಂಬರ್ ಬಂದೊಡನೆ ಜನ ಕೇಳಿಯೇ ಪಡೆಯುತ್ತಾರೆ.

ಯಾರಿಗೆ ಕೊಡಬೇಕೆಂಬುದನ್ನೂ ಯೋಚಿಸಬೇಕಾಗುತ್ತದೆ. ದೀಪಾವಳಿಯ ವಾರದಲ್ಲಿ ಮಾಲೀಕರ ಮೇಜಿನ ಮೇಲೆ ಡಬ್ಬಿಗಳ ರಾಶಿಯೇ ಬಿದ್ದಿರುತ್ತದೆ, ಆದರೆ ರಾತ್ರಿ ಒಂಬತ್ತಕ್ಕೆ ನಮ್ಮ ಗಾಡಿ ಹೋದರೂ ಬೇಸರಿಸದೆ ಮಾಲು ಇಳಿಸಿಕೊಳ್ಳುವ ಸಹಾಯಕನನ್ನು ಯಾರೂ ನೆನೆಯುವುದಿಲ್ಲ. ಅಂಥವರಿಗೆ ಮಳೆಗಾಲಕ್ಕೆ ಮುಂಚೆ ಒಳ್ಳೆಯ ರೇನ್‌ಕೋಟ್ ಕೊಡುತ್ತೇವೆ. ಮಾಲೀಕರಿಗೆ ತಿಳಿಸಿ, ಅವರ ಒಪ್ಪಿಗೆ ಪಡೆದೇ ಕೊಡುತ್ತೇವೆ. ಸಾರ್ವಜನಿಕ ವಲಯದ ಉದ್ದಿಮೆಗಳ ಅಧಿಕಾರಿಗಳಿಗೆ ಏನನ್ನೂ ಕೊಡುವುದಿಲ್ಲ, ಒಂದು ಕೃತಜ್ಞತೆಯ ಪತ್ರ ಬರೆಯುತ್ತೇನೆ. ಖಾಸಗಿ ಕಂಪನಿಗಳಲ್ಲೂ ಉಡುಗೊರೆಗೆ ಲಿಖಿತ ನಿಯಮಗಳಿರುವುದುಂಟು. ಮೊದಲೇ ಕೇಳಿಬಿಟ್ಟರೆ ಪಡೆಯುವವರಿಗೆ ಮುಜುಗರವಾಗುವುದಿಲ್ಲ.

ತೆರಿಗೆಯ ವಿಷಯವನ್ನು ನಮ್ಮ ಆಡಿಟರ್ ಬಿಡಿಸಿ ಹೇಳಿದ್ದಾರೆ. ಉಡುಗೊರೆಯಾಗಿ ಕೊಟ್ಟ ವಸ್ತುಗಳ ಮೇಲೆ ಕಟ್ಟಿದ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ, ಸಿಗುವುದಿಲ್ಲ. 2022ರ ಜುಲೈ 1ರಿಂದ ಜಾರಿಗೆ ಬಂದ ಆದಾಯ ತೆರಿಗೆಯ ನಿಯಮದ ಪ್ರಕಾರ, ವ್ಯವಹಾರದ ಸಂಬಂಧವಾಗಿ ಒಬ್ಬರಿಗೆ ವರ್ಷದಲ್ಲಿ 20,000 ರೂಪಾಯಿ ಮೀರಿದ ಪ್ರಯೋಜನ ಒದಗಿಸಿದರೆ ಕೊಡುವವರೇ ಅದರ ಮೇಲೆ ಶೇಕಡಾ 10ರಷ್ಟು ತೆರಿಗೆಯನ್ನು ಮುರಿದು ಸರ್ಕಾರಕ್ಕೆ ಕಟ್ಟಬೇಕು. ನಾವು ಕೊಡುವ ಯಾವ ವಸ್ತುವೂ ಆ ಮೊತ್ತದ ಹತ್ತಿರಕ್ಕೂ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ.

ನಾನು ಕೊಟ್ಟವುಗಳಲ್ಲಿ ನನಗೆ ಅತ್ಯಂತ ತೃಪ್ತಿ ತಂದದ್ದು ಚನ್ನಪಟ್ಟಣದ ಒಂದು ಬುಗುರಿ. ನಮ್ಮ ಮಾಲನ್ನು ತಪಾಸಣೆ ಮಾಡುವ ಹಿರಿಯರೊಬ್ಬರು ಮೊಮ್ಮಗ ಹುಟ್ಟಿದ ಸುದ್ದಿಯನ್ನು ಬಿಲ್ಲಿನ ಮಾತಿನ ನಡುವೆ ಹೇಳಿದ್ದರು, ಅದು ಪುಟದಲ್ಲಿತ್ತು. ಮಗುವಿಗೆ ಒಂದು ಗಿಲಕಿಯನ್ನೂ ಅಜ್ಜನಿಗೆ ಒಂದು ಬುಗುರಿಯನ್ನೂ ತರಲು ಚನ್ನಪಟ್ಟಣಕ್ಕೆ ಹೋದೆ. ಅಲ್ಲಿನವರೂ ನಮ್ಮ ಹಾಗೆ ಲೇತಿನ ಮುಂದೆ ಕೂರುವವರೇ. ನಾವು ಉಕ್ಕನ್ನು ತಿರುಗಿಸಿದರೆ ಅವರು ಹಾಲೆ ಮರವನ್ನು ತಿರುಗಿಸುತ್ತಾರೆ. ತಿರುಗುತ್ತಿರುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿದಾಗ, ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಬಳಿಕ ತಾಳೆಗರಿ ಹಿಡಿದು ಉಜ್ಜಿದೊಡನೆ ಅದೇ ಬಣ್ಣ ಕನ್ನಡಿಯಂತೆ ಹೊಳೆಯುತ್ತದೆ.

ಆ ಹಿರಿಯರು ಗಿಲಕಿಯನ್ನು ಮೊದಲು ಚೀಲಕ್ಕೆ ಹಾಕಿಕೊಂಡರು. ಆಮೇಲೆ ಬುಗುರಿಯನ್ನು ತಪಾಸಣೆ ಕೋಣೆಯಲ್ಲಿ ಅಳತೆ ನೋಡಲು ಬಳಸುವ ಸಮತಟ್ಟಾದ ಗ್ರಾನೈಟ್ ಸರ್ಫೇಸ್ ಪ್ಲೇಟಿನ ಮೇಲೆ ಬೆರಳಿನಿಂದ ತಿರುಗಿಸಿ ಬಿಟ್ಟು, ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡಿದರು. ಅದು ನಿಲ್ಲುವವರೆಗೂ ಮಾತನಾಡಲಿಲ್ಲ. ನಿಂತ ಮೇಲೆ ಕೈಗೆತ್ತಿಕೊಂಡು, ಉಳಿಯ ಗೀರು ಉಳಿದಿದೆಯೇ ಎಂದು ಉಗುರಿನಿಂದ ಸುತ್ತಲೂ ಸವರಿ, “ಎಲ್ಲೂ ಟೂಲ್ ಮಾರ್ಕ್ ಇಲ್ಲವಲ್ಲ ಸಾರ್, ಯಾರು ಮಾಡಿದ್ದು ಇದನ್ನ?” ಎಂದು ಕೇಳಿದರು.