ಡ್ರೋನ್ ಬಿಟ್ಟು ಬೇರೆ ಏನಾದರೂ ಹೇಳಿ

ರಕ್ಷಣಾ ಕ್ಷೇತ್ರದಲ್ಲಿ ಏನಾದರೂ ಮಾಡಬೇಕೆಂದು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ನಮ್ಮ ವರ್ಕ್‌ಶಾಪಿಗೆ ಬರುವ ಎಂಜಿನಿಯರಿಂಗ್ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಬ್ಯಾಗಿನಿಂದ ಹೊರತೆಗೆಯುವುದು ಡ್ರೋನಿನ ಚಿತ್ರವನ್ನು. ನನಗೆ ಡ್ರೋನಿನ ಮೇಲೆ ಹಗೆಯೇನಿಲ್ಲ. ಆದರೆ ಮೈಸೂರಿನಲ್ಲಿ ನಿಂತುಕೊಂಡು ರಕ್ಷಣೆ ಎಂದ ಕೂಡಲೇ ಆಕಾಶ ನೋಡುವವರನ್ನು ಕಂಡರೆ, ಒಮ್ಮೆ ಸಿದ್ಧಾರ್ಥನಗರದ ಕಡೆ ಹೋಗಿ ಬನ್ನಿ ಎನ್ನಬೇಕೆನಿಸುತ್ತದೆ. ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ 1961ರಿಂದ ನಮ್ಮ ಊರಿನಲ್ಲಿದೆ; ಈಚೆಗೆ ಅದರ ಹೆಸರು ಡಿಐಬಿಟಿ ಎಂದು ಬದಲಾಗಿದೆ. ಹಳೆಯ ಹೆಸರು ಹಿಡಿದು ಡಿಎಫ್‌ಆರ್‌ಎಲ್ ಎಂದರೆ ಆಟೋದವರಿಗೂ ಗೊತ್ತು. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದಾಗ ಜೊತೆಗೊಯ್ದ ಭಾರತೀಯ ತಿನಿಸನ್ನು ಸಿದ್ಧಪಡಿಸಿದವರು ಇವರೇ. ತಿಂಗಳುಗಟ್ಟಲೆ ಕೆಡದ ಚಪಾತಿಯೂ ಇವರದೇ.

ಚಪಾತಿಯಲ್ಲಿ ಏನು ತಂತ್ರಜ್ಞಾನ ಎಂದು ನಗುವವರಿಗೆ ಒಂದು ಲೆಕ್ಕ. ಸೈನಿಕರು ಕಾವಲಿರುವ ಹದಿನೆಂಟು ಸಾವಿರ ಅಡಿ ಎತ್ತರದಲ್ಲಿ ನೀರು 82 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಅಲ್ಲಿ ಪ್ರೆಷರ್ ಕುಕ್ಕರ್ ಇಲ್ಲದೆ ಬೇಳೆ ಬೇಯಿಸುವ ಮಾತೇ ಇಲ್ಲ. ಸೀಮೆಎಣ್ಣೆಯನ್ನೂ ಹೊತ್ತೇ ಸಾಗಿಸಬೇಕು. ಹಾಗಾಗಿ ಬೆಂದ ಊಟವೇ ಪೌಚಿನಲ್ಲಿ ಹೋಗಬೇಕು, ಫ್ರಿಜ್ ಇಲ್ಲದೆ ಉಳಿಯಬೇಕು.

ನಾನು ಮಾಡುವುದು ಸ್ಟೀಲ್ ಟ್ಯಾಂಕು, ಪೌಚ್ ತುಂಬುವ ಯಂತ್ರ, ಅದೂ ಇದೂ. ತೂಬಿನಕೆರೆಯಲ್ಲಿ ಸಣ್ಣ ಘಟಕ ನಡೆಸುವ ಹೆಣ್ಣುಮಗಳೊಬ್ಬರು ನಮ್ಮ ಗಿರಾಕಿ. "ಅಣ್ಣಾ, ಪಲಾವ್ ಪೌಚುಗಳು ಬಾಯಿ ಬಿಡುತ್ತಿವೆ" ಎಂದು ಒಂದು ದಿನ ಫೋನ್ ಮಾಡಿದರು. ಹೋಗಿ ನೋಡಿದರೆ ಸೀಲಿಂಗ್ ಯಂತ್ರದ್ದೇನೂ ತಪ್ಪಿಲ್ಲ. ತುಂಬುವ ನಳಿಕೆ ಮೇಲೇಳುವಾಗ ತುದಿಯಿಂದ ಒಂದು ಹನಿ ಎಣ್ಣೆ ಜಾರಿ ಪೌಚಿನ ಬಾಯಿಯ ಒಳಮೈಗೆ ತಾಗುತ್ತಿತ್ತು. ಎಣ್ಣೆ ಇರುವ ಕಡೆ ಪದರಗಳು ಬೆಸೆಯುವುದಿಲ್ಲ. ಹೊರಗಿನಿಂದ ನೋಡಿದರೆ ಸೀಲ್ ಅಚ್ಚುಕಟ್ಟಾಗಿಯೇ ಕಾಣುತ್ತದೆ. ರಿಟಾರ್ಟಿನೊಳಗೆ, ಅಂದರೆ ಸೀಲಾದ ಪೌಚುಗಳನ್ನು ಒತ್ತಡದಲ್ಲಿ ಕಾಯಿಸುವ ದೊಡ್ಡ ಪಾತ್ರೆಯೊಳಗೆ, 121 ಡಿಗ್ರಿಗೆ ಕಾಯಿಸಿದಾಗ ಬಣ್ಣ ಬಯಲಾಗುತ್ತದೆ. ಬಾಯಿ ಬಿಟ್ಟ ಪೌಚು ವಾಸಿ, ಎತ್ತಿ ಎಸೆಯಬಹುದು. ಬಿಡದೆ ಉಳಿದದ್ದು ಅಪಾಯ. ತಣಿಸುವ ಹೊತ್ತಿನಲ್ಲಿ ಕಣ್ಣಿಗೆ ಕಾಣದ ಸಂದಿನಿಂದ ನೀರು ಒಳಗೆ ಸೇರಿದರೆ ಊಟದ ಜೊತೆ ರೋಗಾಣುವೂ ಪ್ರಯಾಣ ಹೊರಡುತ್ತದೆ.

ಕವಾಟ ನಳಿಕೆಯ ಮೇಲ್ಭಾಗದಲ್ಲಿತ್ತು. ಅದನ್ನು ತುದಿಗೇ ತಂದೆವು. ಮುಚ್ಚಿದ ಮೇಲೆ ಪಿಸ್ಟನ್ ಕೂದಲೆಳೆಯಷ್ಟು ಹಿಂದೆ ಸರಿದು, ಜಾರಲು ಹೊರಟ ಹನಿಯನ್ನು ಒಳಕ್ಕೆ ಎಳೆದುಕೊಳ್ಳುವಂತೆ ಮಾಡಿದೆವು. ಇಷ್ಟೇ. ಯಾವ ವೇದಿಕೆಯ ಮೇಲೂ ಇದಕ್ಕೆ ಚಪ್ಪಾಳೆ ಬೀಳುವುದಿಲ್ಲ. ನನ್ನ ಪ್ರಕಾರ ನಾವೀನ್ಯ ಎಂದರೆ ಬಹುಪಾಲು ಇಂಥದ್ದೇ. ಸಮಸ್ಯೆ ಇರುವ ಜಾಗಕ್ಕೆ ಹೋಗಿ ಅರ್ಧ ದಿನ ಸುಮ್ಮನೆ ನೋಡುತ್ತಾ ನಿಲ್ಲಲು ಬಿಟ್ಟರೆ ಉಳಿದದ್ದು ಲೇತಿನ ಮುಂದೆ ಆಗುತ್ತದೆ.

ಸೇನೆಯ ವಿಷಯದಲ್ಲಿ ಕಷ್ಟವಾಗುವುದು ಆ ನಿಲ್ಲುವ ಭಾಗವೇ. 2018ರ ಏಪ್ರಿಲ್‌ನಲ್ಲಿ ರಕ್ಷಣಾ ಸಚಿವಾಲಯದ ಐಡೆಕ್ಸ್ ಯೋಜನೆ ಶುರುವಾದ ಮೇಲೆ ಬಾಗಿಲು ತೆರೆದಿದೆ, ಇಲ್ಲ ಎನ್ನಲಾರೆ. ಸೇನೆಗಳು ತಮ್ಮ ಸಮಸ್ಯೆಗಳನ್ನು ಸವಾಲುಗಳಾಗಿ ಪ್ರಕಟಿಸುತ್ತವೆ; ಆಯ್ಕೆಯಾದವರಿಗೆ ಒಂದೂವರೆ ಕೋಟಿ ರೂಪಾಯಿಯವರೆಗೆ ನೆರವು, ಐಡೆಕ್ಸ್ ಪ್ರೈಮ್‌ನಲ್ಲಿ 10 ಕೋಟಿ, ಅದಿತಿ ಯೋಜನೆಯಲ್ಲಿ 25 ಕೋಟಿಯವರೆಗೆ. ಹುಡುಗರು ಈ ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಅದು ಖರ್ಚಿನ ಅರ್ಧ ಮಾತ್ರ, ಉಳಿದರ್ಧ ನಿನ್ನದು ಎಂದಾಗ ಮುಖ ಸಪ್ಪಗಾಗುತ್ತದೆ. ನೆರವೂ ಕಂತುಕಂತಾಗಿ ಬರುತ್ತದೆ. ಮಾದರಿ ತಯಾರಾದ ಮೇಲೆ ಪರೀಕ್ಷೆ, ಪರೀಕ್ಷೆಯ ಮೇಲೆ ಆರ್ಡರ್. ಈ ನಡುವೆ ವೆಲ್ಡರಿನ ಸಂಬಳ ಯಾರಿಗೂ ಕಾಯುವುದಿಲ್ಲ. ಸವಾಲಿನ ಜೊತೆಯಲ್ಲೇ "ಪಾಸಾದರೆ ಇಷ್ಟು ಪೀಸು ಖಂಡಿತ, ಇಂಥ ತಿಂಗಳೊಳಗೆ" ಎಂದು ಬರೆದುಕೊಟ್ಟರೆ ಅದನ್ನು ತೋರಿಸಿ ಬ್ಯಾಂಕಿನಲ್ಲಿ ಸಾಲ ಕೇಳಬಹುದು. ಐವತ್ತು ಪೀಸಿನ ಕಾಗದವಾದರೂ ಸಾಕು.

ಅಷ್ಟು ದೊಡ್ಡದಕ್ಕೆ ಕೈ ಹಾಕಲಾರದವರಿಗೆ ನಾನು ತೋರಿಸುವುದು ರಕ್ಷಣಾ ಸಚಿವಾಲಯದ ಸೃಜನ್ ಪೋರ್ಟಲ್. ಎಚ್‌ಎಎಲ್, ಬಿಇಎಲ್, ನಮ್ಮ ಬೆಮೆಲ್‌ನಂಥ ಸಂಸ್ಥೆಗಳು ಹೊರದೇಶದಿಂದ ತರಿಸುವ ವಸ್ತುಗಳ ಪಟ್ಟಿ 2020ರ ಆಗಸ್ಟ್‌ನಿಂದ ಅಲ್ಲಿದೆ. ಕ್ಷಿಪಣಿಯಲ್ಲ, ಸ್ವಾಮಿ. ಸೀಲು, ಬೇರಿಂಗು, ಕನೆಕ್ಟರು. ಮೆಟಗಳ್ಳಿ, ಬೆಳವಾಡಿಯ ಶೆಡ್ಡುಗಳಲ್ಲಿ ಮಾಡಲಾಗದಂಥವು ಎಲ್ಲವೂ ಅಲ್ಲ. ರಬ್ಬರಿನ ಮಿಶ್ರಣ ಬಲ್ಲವರೊಬ್ಬರು, ಡೈ ಮಾಡುವವರೊಬ್ಬರು ಜೊತೆಯಾದರೆ ಆಗುವ ಕೆಲಸ. ಇದನ್ನು ಹೇಳಿದರೆ ಕೆಲವರಿಗೆ ಬೇಸರ. ವಾಷರ್ ಮಾಡುವವನನ್ನು ಸ್ಟಾರ್ಟಪ್ ಎಂದು ಯಾರು ಕರೆಯುತ್ತಾರೆ?

ಇನ್ನು ದುಡ್ಡಿನ ವಿಷಯ. ಸಣ್ಣ ಉದ್ಯಮದ ಬಿಲ್ಲನ್ನು ಹೆಚ್ಚೆಂದರೆ 45 ದಿನದಲ್ಲಿ ಪಾವತಿಸಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಎಂದು 2006ರ ಕಾಯಿದೆ ಹೇಳುತ್ತದೆ. ದೂರು ಕೊಡಲು ಸರ್ಕಾರದ ಪೋರ್ಟಲ್ ಕೂಡ ಇದೆ. ಒಂದು ದೊಡ್ಡ ಕಂಪನಿಯಿಂದ ನನಗೆ ಬರಬೇಕಾದ ಹಣ ಆರು ತಿಂಗಳು ಓಡಾಡಿಸಿತು. ಜಿಎಸ್‌ಟಿಯನ್ನು ಮಾತ್ರ ನಾನು ಮರು ತಿಂಗಳೇ ಕಟ್ಟಿದ್ದೆ. ದೂರು ಕೊಡಲಿಲ್ಲ. ಕೊಟ್ಟವನಿಗೆ ಮುಂದಿನ ಆರ್ಡರ್ ಯಾರು ಕೊಡುತ್ತಾರೆ? ಬಿಲ್ಲು ತಡವಾಯಿತೆಂದು ಸಣ್ಣವನೇ ಬಾಯಿ ಬಿಡಬೇಕಾದ ಈ ವ್ಯವಸ್ಥೆ ಹೋಗಿ, ಗಡುವು ಮೀರಿದ ದಿನವೇ ಬಡ್ಡಿ ತಾನಾಗಿ ಸೇರುವಂತಾಗಬೇಕು. ನವೋದ್ಯಮಕ್ಕೆ ಪ್ರೋತ್ಸಾಹ ಎಂದು ಬ್ಯಾನರ್ ಕಟ್ಟುವ ಖರ್ಚೂ ಉಳಿಯುತ್ತದೆ.

ಡ್ರೋನ್ ತಂದಿದ್ದ ತಂಡದಲ್ಲಿ ಒಬ್ಬಳು ಹುಡುಗಿ ಈಗ ಹೈಡ್ರಾಲಿಕ್ ಸೀಲ್ ಒಂದರ ಹಿಂದೆ ಬಿದ್ದಿದ್ದಾಳೆ. ಮೊದಲ ಮಾದರಿ ಎಣ್ಣೆಯಲ್ಲಿ ಊದಿಕೊಂಡಿತು, ರಬ್ಬರ್ ಬದಲಿಸುತ್ತಿದ್ದಾಳೆ. ಇಂಥ ಕೆಲಸ ಇರುವವರು ಶನಿವಾರ ಮಧ್ಯಾಹ್ನದ ಮೇಲೆ ಬನ್ನಿ, ಆಗ ಮಿಲ್ಲಿಂಗ್ ಯಂತ್ರ ಖಾಲಿ ಇರುತ್ತದೆ. ಡ್ರಾಯಿಂಗ್ ಕೈಯಲ್ಲಿ ಬರೆದದ್ದಾದರೂ ಪರವಾಗಿಲ್ಲ, ಟಾಲರೆನ್ಸ್, ಅಂದರೆ ಅಳತೆ ಎಷ್ಟು ಹೆಚ್ಚುಕಡಿಮೆಯಾದರೆ ನಡೆಯುತ್ತದೆ ಎಂಬುದನ್ನು, ನಮೂದಿಸಿರಬೇಕು.